ಕಡಾಯಿ ಕಾಯುವವಳು

ಬೆಳಕು ಹರಿಯುವ ಮುಂಚೆ ಡಲಿಮಾ ಮಾಡುವುದು ಇಷ್ಟು. ಮೊದಲು ಲಕ್ವ ಹೊಡೆದು ಮಲಗಿರುವ ಅತ್ತೆಯನ್ನು ಬಲ ಮಗ್ಗುಲಿನಿಂದ ಎಡ ಮಗ್ಗುಲಿಗೆ ಹೊರಳಿಸುವುದು, ಬೆನ್ನಿನ ಕೆಳಗೆ ಕೈ ಹಾಕಿ ಎಲ್ಲಾದರೂ ಚರ್ಮ ಬಿಸಿಯಾಗಿದೆಯೇ ನೋಡುವುದು, ಒದ್ದೆ ಬಟ್ಟೆ ಬದಲಿಸುವುದು. ಆಮೇಲೆ ಕಾಂಡ್ಲಾ ಸೌದೆಯ ಒಲೆ ಹೊತ್ತಿಸುವುದು. ಅದು ಹತ್ತಿಕೊಳ್ಳುವಷ್ಟರಲ್ಲಿ ಏಣಿ ಇಳಿದು, ನೀರಿನಲ್ಲಿ ನಿಂತ ಮನೆಯ ಕಂಬಕ್ಕೆ ಕಟ್ಟಿದ ದೋಣಿಯೊಳಗಿನ ನೀರನ್ನು ಚಿಪ್ಪಿನಿಂದ ಮೊಗೆದು ಚೆಲ್ಲುವುದು. ಉಬ್ಬರವಿದ್ದರೆ ಆರು ಖಾಲಿ ಡಬ್ಬ ಹೇರಿಕೊಂಡು ಕಾಲೆದುಪಾ ದ್ವೀಪದ ದಡದ ಒರತೆಗೆ ಹುಟ್ಟು ಹಾಕುವುದು, ಇಳಿತವಿದ್ದರೆ ದೋಣಿಯನ್ನು ಕೆಸರಿನ ಮೇಲೆ ಎಳೆದುಕೊಂಡೇ ಹೋಗುವುದು. ಬಂದವಳು ಮರಳಿನ ಪೆಟ್ಟಿಗೆಯಲ್ಲಿ ನಿನ್ನೆ ಹೂತಿಟ್ಟ ಕಡಲಸೌತೆಗಳನ್ನು, ಅಂದರೆ ಸೌತೆಕಾಯಿಯಂತೆ ಕಡಲತಳದಲ್ಲಿ ಮಲಗಿರುವ ಮೆತ್ತನೆಯ ಜೀವಿಗಳನ್ನು, ಹೊರತೆಗೆದು, ಪಪ್ಪಾಯಿ ಎಲೆಯಿಂದ ಒಂದೊಂದನ್ನೂ ತಿಕ್ಕಿ, ಮೇಲಿನ ಸುಣ್ಣದಂಥ ಸಿಪ್ಪೆ ಬಿಡಿಸಿ, ಕಡಾಯಿಗೆ ಹಾಕಿ ಎರಡನೆಯ ಸಲ ಕುದಿಸುವುದು. ಅದು ಕುದಿಯುವಾಗ ಪಕ್ಕದ ಒಲೆಯಲ್ಲಿ ತುರಿದ ಮರಗೆಣಸನ್ನು ಹಬೆಗಿಡುವುದು. ಬೆಂದ ಕಡಲಸೌತೆಯನ್ನು ಹಲಗೆಯ ಮೇಲೆ ಬೀಳಿಸಿದರೆ ಚೆಂಡಿನ ಹಾಗೆ ಪುಟಿಯಬೇಕು. ಪುಟಿದರೆ ಇಳಿಸುವುದು, ಇಲ್ಲದಿದ್ದರೆ ಇನ್ನೆರಡು ಕೊಳ್ಳಿ ತುರುಕುವುದು. ಕೊನೆಗೆ, ಬಿಸಿಲಿಗೆ ಕೂರುವ ಮುಂಚೆ ಅಕ್ಕಿಹಿಟ್ಟು ಕಲಸಿ ಮುಖಕ್ಕೆ ಬಳಿದುಕೊಳ್ಳುವುದು.

ಗಂಡ ಬಾದುರ್ ಎದ್ದು ಕಣ್ಣುಜ್ಜುತ್ತ "ಚಹಾ ಆಯ್ತಾ?" ಎನ್ನುವ ಹೊತ್ತಿಗೆ ಇಷ್ಟೂ ಮುಗಿದಿರುತ್ತದೆ. ಹಾಗಾಗಿ ಇಪ್ಪತ್ತಾರು ವರ್ಷದಲ್ಲಿ ಅವನು ಇದನ್ನು ಒಮ್ಮೆಯೂ ನೋಡಿಲ್ಲ.

ಡಲಿಮಾಳ ಗುರುತಿನ ಚೀಟಿಯಲ್ಲಿ ಉದ್ಯೋಗದ ಜಾಗದಲ್ಲಿ 'ಮನೆಯ ತಾಯಿ' ಎಂದು ಬರೆದಿದೆ. ಆದರೆ ಅವಳು ಹುಟ್ಟಿದಾಗ ಅವರಿಗೆ ಮನೆಯೇ ಇರಲಿಲ್ಲ. ಇಡೀ ಸಂಸಾರ, ಅಜ್ಜಿ, ಕೋಳಿ, ಒಲೆ ಸಮೇತ ದೋಣಿ ಹತ್ತಿ ತಿಂಗಳುಗಟ್ಟಲೆ ಕಡಲಿಗೆ ಹೊರಡುವುದನ್ನು ಕಡಲನ್ನೇ ನಂಬಿ ಬದುಕುವ ನಮ್ಮ ಬಾಜೋ ಜನ ಪೊಂಗ್ಕಾ ಎನ್ನುತ್ತಾರೆ. ಅಂಥ ಒಂದು ಪೊಂಗ್ಕಾದಲ್ಲಿ, ಊರಿನಿಂದ ಎರಡು ಹಗಲು ಒಂದು ರಾತ್ರಿಯ ದೂರದಲ್ಲಿರುವ ಸಿಲಂಬೆ ಎಂಬ ಹವಳದಿಬ್ಬದ ಮೇಲೆ ಅವಳು ಹುಟ್ಟಿದಳು. ಹೆರಿಗೆಯಲ್ಲಿ ಮಗುವಿನ ಜೊತೆ ಬಂದ ಕಸವನ್ನು ನಾವು ಕಸ ಎನ್ನುವುದಿಲ್ಲ. ಅದು ಮಗುವಿಗಿಂತ ಮೊದಲೇ ಇದ್ದ ಕೂಸು. ತೆಂಗಿನ ಚಿಪ್ಪಿನಲ್ಲಿಟ್ಟು ನೀರಿಗೆ ಬಿಡುತ್ತೇವೆ. ಊರಿನಲ್ಲಿ ಹುಟ್ಟಿದವರ ಅಣ್ಣ ಅಕ್ಕಂದಿರೆಲ್ಲ ಊರಿನ ಮನೆಗಳ ಕೆಳಗಿನ ನೀರಿನಲ್ಲೇ ಇದ್ದಾರೆ. ಹುಷಾರಿಲ್ಲದಾಗ ಏಣಿ ಇಳಿದು ಒಂದು ಹಿಡಿ ಅರಳು ಹಾಕಿ ಮಾತಾಡಿಸಿ ಬಂದರಾಯಿತು. ಡಲಿಮಾಳ ಅಕ್ಕ ಮಾತ್ರ ಸಿಲಂಬೆಯಲ್ಲಿದ್ದಾಳೆ.

ಹದಿನೇಳನೆಯ ವಯಸ್ಸಿನವರೆಗೆ ಅವಳು ಪ್ರತಿವರ್ಷ ಅಲ್ಲಿಗೆ ಹೋದಳು. ಸುತ್ತ ಎಲ್ಲಿ ನೋಡಿದರೂ ನೆಲವಿಲ್ಲದ ಕಡಲು, ಅದರ ನಡುವೆ ಹುಣ್ಣಿಮೆಯ ಇಳಿತಕ್ಕೆ ಮೊಣಕಾಲುದ್ದದ ನೀರು. ಕಡಲಿನ ಮಧ್ಯೆ ನಡೆದಾಡಬಹುದು! ಅಮ್ಮ ಮುಂದೆ, ಇವಳು ಹಿಂದೆ, ಸೊಂಟಕ್ಕೆ ಬುಟ್ಟಿ. ಮರಳಿನಲ್ಲಿ ಅರ್ಧ ಹೂತು ಮಲಗಿದ ಕಡಲಸೌತೆಯನ್ನು ಅಮ್ಮ ಕಾಲ್ಬೆರಳಿನಿಂದಲೇ ಗುರುತಿಸುತ್ತಿದ್ದಳು. ನೀರು ಏರಿದಾಗ ಮರದ ಕನ್ನಡಕ ಹಾಕಿಕೊಂಡು ಇಬ್ಬರೂ ಮುಳುಗುತ್ತಿದ್ದರು. ಎಂಟು ಮಾರು ಆಳದಲ್ಲಿ ಡಲಿಮಾ ನೂರ ಇಪ್ಪತ್ತು ಎಣಿಸುವವರೆಗೆ ಉಸಿರು ಹಿಡಿಯುತ್ತಿದ್ದಳು. ಅಲ್ಲಿ ಯಾರೂ ಅವಳ ಹೆಸರು ಕೂಗುತ್ತಿರಲಿಲ್ಲ. ಕೂಗಿದರೂ ಕೇಳುತ್ತಿರಲಿಲ್ಲ.

ಮದುವೆಯಾದ ವರ್ಷ ಅತ್ತೆ ಬುಂಗಾ ಏಣಿಯಿಂದ ಜಾರಿ ಕಾಲು ಮುರಿದುಕೊಂಡರು. "ಈ ಒಂದು ಸಲ ಮನೇಲಿರು, ಮುಂದಿನ ಸಲ ಹೋಗುವೆಯಂತೆ" ಎಂದ ಬಾದುರ್. ಮುಂದಿನ ಸಲ ಹೊಟ್ಟೆಯಲ್ಲಿ ಮಗುವಿತ್ತು. ಅದು ಉಳಿಯಲಿಲ್ಲ. ಆಮೇಲೆ ಮತ್ತೆರಡು. ನಾಲ್ಕನೆಯವಳು ಮಸ್ನಾ ಉಳಿದಳು. ಅಷ್ಟರಲ್ಲಿ ದೋಣಿಗಳಿಗೆ ಇಂಜಿನ್ ಬಂದು, ಹೆಂಗಸರು ಮಕ್ಕಳನ್ನು ಹೇರಿಕೊಂಡು ಹೋಗುವ ಪದ್ಧತಿಯೇ ನಿಂತುಹೋಯಿತು. ಗಾಳಿ ಸತ್ತ ಮೂರು ತಿಂಗಳು ಗಂಡಸರು ಮಾತ್ರ ಸಿಲಂಬೆಗೆ ಹೋಗುತ್ತಾರೆ. ಹೆಂಗಸರು ಊರಿನ ಹತ್ತಿರ ಸಿಗುವ ಸಣ್ಣಪುಟ್ಟದ್ದನ್ನು ಬೇಯಿಸಿ ಒಣಗಿಸಿಕೊಂಡು, ಗಂಡಸರ ಹೆಸರಿನಲ್ಲಿ ಕಟ್ಟುಪಾಡು ನಡೆಸುತ್ತಾರೆ. ಗಂಡ ಕಡಲಲ್ಲಿರುವಾಗ ಹೆಂಡತಿ ಸಂಜೆ ತಲೆ ಬಾಚಬಾರದು, ಉಪ್ಪು ಕೊಡಬಾರದು, ನೀರಿನ ಮಡಕೆಯ ಬಾಯಿ ತೆರೆದಿಡಬಾರದು, ಜಗಳವಾಡಬಾರದು. ಇದರಲ್ಲಿ ಯಾವುದು ತಪ್ಪಿದರೂ ಅಲ್ಲಿ ಅವನ ಬುಟ್ಟಿ ಬರಿದಾಗುತ್ತದೆ.

ಬಾದುರ್ ವಾಪಸು ಬಂದ ದಿನ ಡಲಿಮಾ ಅವನ ಉಪ್ಪುಗಟ್ಟಿದ ಬಟ್ಟೆ ಒಗೆಯುವ ಮುಂಚೆ ಪ್ರತಿಸಲವೂ ಕೇಳುತ್ತಿದ್ದಳು.

"ಸಿಲಂಬೆ ಹೇಗಿತ್ತು?"

ಮುಳುಗಿ ಮುಳುಗಿ ಬಾದುರ್‌ನ ಎಡಗಿವಿ ಹೋಗಿತ್ತು. "ಆಂ?"

"ಸಿಲಂಬೆ! ಹೇಗಿತ್ತು ಅಂದೆ!"

"ಹೇಗಿರುತ್ತೆ? ನೀರು."

ಅಷ್ಟೇ. ಅವಳು ಮನೆಯ ಮೂಲೆಯಲ್ಲಿ, ನೆಲದ ಬಿದಿರಿನ ಸೀಳುಗಳ ನಡುವೆ ಸಂದಿ ಅಗಲವಾಗಿರುವ ಕಡೆ ಚಾಪೆ ಹಾಸಿಕೊಂಡು ಮಲಗುತ್ತಿದ್ದಳು. ಅಲ್ಲಿ ಕಿವಿಯಿಟ್ಟರೆ ಕೆಳಗಿನ ನೀರು ಕಂಬಕ್ಕೆ ತಾಗುವುದು ಕೇಳುತ್ತದೆ. ಕಂಬಕ್ಕೆ ತಾಗುವ ನೀರಿನ ಸದ್ದೇ ಬೇರೆ, ದೋಣಿಯ ಹೊಟ್ಟೆಗೆ ತಾಗುವ ನೀರಿನ ಸದ್ದೇ ಬೇರೆ. ಇಷ್ಟು ವರ್ಷವಾದರೂ ಅವಳ ಕಿವಿ ಆ ವ್ಯತ್ಯಾಸವನ್ನು ಮರೆತಿರಲಿಲ್ಲ. ಅತ್ತೆ ಹಂಗಿಸುತ್ತಿದ್ದರು. "ಇವಳಕ್ಕ ಇರೋದು ಎಲ್ಲೋ, ಇವಳಿರೋದು ಇಲ್ಲಿ. ಅದಕ್ಕೇ ಅನ್ನಕ್ಕೆ ಉಪ್ಪು ಎರಡು ಸಲ ಬೀಳೋದು."

ಹೋದ ವರ್ಷ ಗಂಡಸರು ಸಿಲಂಬೆಯಿಂದ ತಲೆ ತಗ್ಗಿಸಿಕೊಂಡು ಬಂದರು. ಆ ಸಲ ಅವರಿಗೆ ಮೊಲೆಸೌತೆ ಸಿಕ್ಕಿತ್ತು. ಹೊಟ್ಟೆಯ ಎರಡು ಬದಿಗೂ ಸಾಲಾಗಿ ತೊಟ್ಟುಗಳಿರುವ ಅದಕ್ಕೆ ಉಳಿದವುಗಳ ಹತ್ತು ಪಟ್ಟು ಬೆಲೆ. ಆದರೆ ಬೇಯಿಸಿದ ಮರುದಿನವೇ ಅರ್ಧಕ್ಕರ್ಧ ಗಂಜಿಯಂತೆ ಕರಗಿಹೋಯಿತಂತೆ. ಉಳಿದದ್ದೂ ಒಣಗಲಿಲ್ಲ, ಬೆರಳಿಟ್ಟರೆ ಅಂಟುತ್ತಿತ್ತು.

ತಪ್ಪು ಯಾರದೆಂದು ಊರಿಗೆ ತಿಳಿಯಲು ಒಂದು ಸಂಜೆ ಸಾಕಾಯಿತು. ದೋಣಿಯ ಯಜಮಾನ ಬಾದುರ್. ಅಂದಮೇಲೆ ಮನೆಯಲ್ಲಿದ್ದವಳು ಡಲಿಮಾ.

"ನಾನೇನು ಮಾಡಿದೆ?" ಎಂದಳು ಅವಳು.

"ಏನು ಮಾಡಿದೆಯೋ ನೀನೇ ನೆನಪು ಮಾಡ್ಕೋ" ಎಂದ ಬಾದುರ್. "ಸಂಜೆ ತಲೆ ಬಾಚಿದ್ಯಾ?"

"ನಿಮ್ಮಮ್ಮನ್ನ ಎತ್ತಿ ಇಳಿಸೋದ್ರಲ್ಲಿ ಬೆಳಗ್ಗೆ ಬಾಚೋಕೇ ಪುರುಸೊತ್ತಿಲ್ಲ. ಸಂಜೆ ಬೇರೆ ಬಾಚ್ತೀನಾ?"

ಬಾದುರ್‌ನ ಪೂರ್ತಿ ಕೇಳುವ ಕಿವಿ ಆಗ ಅವಳ ಕಡೆಗಿರಲಿಲ್ಲ.

ಅಲ್ಲಿಂದ ನಾಲ್ಕು ತಿಂಗಳು ಒರತೆಯ ಬಳಿ ಹೆಂಗಸರು ಅವಳಿಗೆ ಜಾಗ ಬಿಟ್ಟು ನಿಂತರು. ಅವರಲ್ಲಿ ಪಕ್ಕದ ಮನೆಯ ಸುರ್ತಿ ಒಬ್ಬಳೇ ಹತ್ತಿರ ಬಂದು ಡಬ್ಬ ಹಿಡಿದು ಕೊಡುತ್ತಿದ್ದಳು. "ಬಿಡು ಡಲಿಮಕ್ಕ. ಮೊಲೆ ಕಂಡ ಮೇಲೆ ಈ ಗಂಡಸರ ಕೈ ನೆಟ್ಟಗಿರುತ್ತಾ? ಹಿಸುಕಿ ಹಿಸುಕಿ ಗಂಜಿ ಮಾಡಿರ್ತಾರೆ" ಎಂದು ಅವಳು ಹೇಳಿದ ದಿನ ಡಲಿಮಾ ಬಹಳ ದಿನಗಳ ಮೇಲೆ ನಕ್ಕಳು. ನಗು ಅಳುವಾಗುವ ಮುಂಚೆ ಹುಟ್ಟು ಹಾಕಿ ಬಂದುಬಿಟ್ಟಳು.

ನಿಜ ಗೊತ್ತಾದದ್ದು ವಾಂಚಿ ಪೇಟೆಯಲ್ಲಿ. ಹಜ್ ಯಾತ್ರೆ ಮಾಡಿ ಬಂದ ಅಲ್ಲಿಯ ವ್ಯಾಪಾರಿ ಹಾಜಾ ಬೆಚ್ಚೆಗೆ ಎಪ್ಪತ್ತು ವರ್ಷ. ಕಡಲಸೌತೆಯನ್ನು ಅವಳು ಕಣ್ಣಿನಿಂದ ನೋಡುವುದಿಲ್ಲ, ಮೂಸುತ್ತಾಳೆ. ಉಳಿದ ಮಾಲನ್ನು ಯಾರಿಗಾದರೂ ಅಗ್ಗಕ್ಕೆ ದಾಟಿಸಲು ಬಾದುರ್ ಮತ್ತು ಅವನ ತಮ್ಮ ಜಾಬಿರ್ ಚೀಲ ಹೊತ್ತು ಹೋದಾಗ ಡಲಿಮಾಳೂ ಜೊತೆಗಿದ್ದಳು. ವಾಂಚಿಯ ಹೈಸ್ಕೂಲಿನಲ್ಲಿ ಓದುತ್ತಿದ್ದ ಮಸ್ನಾಗೆ ಒಣಮೀನು ಕೊಡುವುದಿತ್ತು. ಬೆಚ್ಚೆ ಚೀಲದೊಳಗೆ ಮುಖ ಹಾಕಿದಳು, ತೆಗೆದಳು.

"ಕಡಾಯೀಲಿ ಏನು ಕರಿದ್ರಿ?"

ಅಣ್ಣ ತಮ್ಮ ಮುಖ ಮುಖ ನೋಡಿಕೊಂಡರು.

"ತೆಂಗಿನೆಣ್ಣೆ ವಾಸನೆ ಬರ್ತಿದೆ ಕಣ್ರೋ. ಇದನ್ನ ಬೇಯಿಸೋ ಕಡಾಯೀಲಿ ಏನು ಕರಿದ್ರಿ ಅಂತ ಕೇಳಿದೆ."

ಜಾಬಿರ್ ತಲೆ ಕೆರೆದುಕೊಂಡ. "ಹಾರುಮೀನು, ಹಾಜಾ. ಒಂದೇ ಒಂದು ಸಲ. ಹುಡುಗರಿಗೆ ಬೇಯಿಸಿದ್ದು ತಿಂದೂ ತಿಂದೂ ಬೇಜಾರಾಗಿತ್ತು. ಆಮೇಲೆ ತೊಳೆದಿದ್ವಿ."

"ಯಾತರಲ್ಲಿ ತೊಳೆದ್ರಿ?"

"ಕಡಲ ನೀರಲ್ಲಿ."

ಬೆಚ್ಚೆ ಹಣೆ ಚಚ್ಚಿಕೊಂಡಳು. "ಎಣ್ಣೆ ತಾಗಿದ್ರೆ ಇದು ಕರಗುತ್ತೆ ಅಂತ ಮೂರು ವರ್ಷದ ಹೆಣ್ಣುಮಗುವಿಗೂ ಗೊತ್ತು! ಆ ಕಡಾಯೀನ ನಿಮ್ಮ ಮನೆ ಹೆಂಗಸರು ಬೇರೆ ಯಾವುದಕ್ಕಾದ್ರೂ ಮುಟ್ಟಿಸಿದ್ದನ್ನ ಯಾವತ್ತಾದ್ರೂ ನೋಡಿದ್ದೀರಾ?"

ಅವರು ನೋಡಿರಲಿಲ್ಲ. ಕಡಾಯಿಯ ಕಡೆಯೇ ಅವರು ನೋಡಿರಲಿಲ್ಲ.

ಬೆಚ್ಚೆ ಡಲಿಮಾಳ ಕಡೆ ಬೆರಳು ಮಾಡಿದಳು. "ಮುಂದಿನ ಸಲ ಇವಳನ್ನ ಕರ್ಕೊಂಡು ಹೋಗಿ. ಇವಳ ಕೈಯಲ್ಲಿ ಬೆಂದ ಮಾಲು ತನ್ನಿ, ತಗೋತೀನಿ. ನೀವು ಬೇಯಿಸಿದ್ದನ್ನ ನನ್ನ ಬಾಗಿಲಿಗೆ ತರಬೇಡಿ."

ಊರಿಗೆ ಮರಳುವ ಮೂರು ಗಂಟೆಯ ದಾರಿಯಲ್ಲಿ ಬಾದುರ್ "ತಪ್ಪಾಯಿತು" ಎನ್ನಲಿಲ್ಲ. ಅವನು ಎನ್ನುತ್ತಾನೆಂದು ಡಲಿಮಾ ಕಾಯಲೂ ಇಲ್ಲ. ಅವಳ ಎದೆಯಲ್ಲಿ ಬೇರೇನೋ ಹೊಡೆದುಕೊಳ್ಳುತ್ತಿತ್ತು. ಇವಳನ್ನ ಕರ್ಕೊಂಡು ಹೋಗಿ. ಕರ್ಕೊಂಡು ಹೋಗಿ.

ಮುಂದಿನ ತಿಂಗಳುಗಳಲ್ಲಿ ಅವಳು ಯಾರಿಗೂ ಹೇಳದೆ ಉಸಿರು ಹಿಡಿಯುವುದನ್ನು ಅಭ್ಯಾಸ ಮಾಡಿದಳು. ಕಡಾಯಿಯ ಮುಂದೆ ಕೂತು ಎಣಿಸುವಳು. ಮೊದಲ ದಿನ ನಲವತ್ತಕ್ಕೆ ಕಣ್ಣು ಕತ್ತಲೆ ಬಂತು. ಮಳೆಗಾಳಿ ಮುಗಿಯುವ ಹೊತ್ತಿಗೆ ಎಪ್ಪತ್ತೈದು. ಒಮ್ಮೆ ಸುರ್ತಿ ಬಂದು "ಯಾಕಕ್ಕ ಕೆನ್ನೆ ಊದಿಸ್ಕೊಂಡು ಕೂತಿದ್ದೀಯಾ, ಹಲ್ಲುನೋವಾ?" ಎಂದು ಕೇಳಿ ಅರವತ್ತೆಂಟಕ್ಕೇ ಕೆಡಿಸಿದಳು.

ಗಾಳಿ ಸತ್ತಿತು. ಹೊರಡುವುದಕ್ಕೆ ಆರು ದಿನವಿರುವಾಗ ಬಾದುರ್ ಊಟ ಮಾಡುತ್ತ ಹೇಳಿದ. "ನೀನು ಬರ್ತಿದ್ದೀಯಲ್ಲ. ಮಸ್ನಾಗೆ ಹೇಳಿ ಕಳಿಸು. ಮನೆಗೆ ಬರಲಿ."

ಡಲಿಮಾ ತಟ್ಟೆ ಕೆಳಗಿಟ್ಟಳು. "ಅವಳಿಗೆ ಇದು ಕೊನೇ ವರ್ಷ."

"ಮೂರೇ ತಿಂಗಳು. ಪರೀಕ್ಷೆ ಮುಂದಿನ ವರ್ಷ ಬರೀಲಿ. ಇಲ್ಲಿ ಅಮ್ಮನ್ನ ಯಾರು ನೋಡ್ಕೋಬೇಕು?"

"ಈ ಒಂದು ಸಲ ಅಂತ ನಂಗೂ ಹೇಳಿದ್ದೆ, ಮಸ್ನಾಳ ಅಪ್ಪ."

"ಆಂ?"

ಅವಳು ತಟ್ಟೆಗಳನ್ನು ಎತ್ತಿಕೊಂಡು ಎದ್ದಳು.

ಐದು ದಿನ ಅವಳು ಎರಡನ್ನೂ ಹೊತ್ತು ತಿರುಗಿದಳು. ಮಸ್ನಾ ಬಂದರೆ ಸಿಲಂಬೆ. ಅಮ್ಮನ ಕಾಲ್ಬೆರಳು ತಡಕಿದ ಮರಳು, ತಾನು ಇಪ್ಪತ್ತಾರು ವರ್ಷದಿಂದ ಮಾತಾಡಿಸದ ಅಕ್ಕ, ನೆಲ ಕಾಣದ ಬೆಳಗು. ಆದರೆ ಬಂದ ಹುಡುಗಿಯನ್ನು ಮತ್ತೆ ಈ ಮನೆ ಹೊರಗೆ ಬಿಡುವುದಿಲ್ಲ ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮೂರು ತಿಂಗಳ ಕೊನೆಗೆ ಯಾರಾದರೊಬ್ಬ ಹುಡುಗನ ಮನೆಯವರು ಬರುತ್ತಾರೆ. ಅವನ ಮನೆಯಲ್ಲೂ ಒಬ್ಬ ಅಜ್ಜಿ ಇರುತ್ತಾಳೆ.

ಹೊರಡುವ ಹಿಂದಿನ ದಿನ ಅವಳು ದೋಣಿಕಟ್ಟೆಗೆ ಹೋದಳು. ವಾಂಚಿಗೆ ಜನ ಸಾಗಿಸುವ ದೋಣಿಯ ಲಾ ಸಿಮು ಬಾಳೆಗೊನೆ ಹೇರುತ್ತಿದ್ದ. "ಏನಕ್ಕ, ಮಗಳಿಗೆ ಏನಾದ್ರೂ ಹೇಳಬೇಕಾ?"

ಅವಳು ಕೈಯಲ್ಲಿದ್ದ ಪೊಟ್ಟಣ ಕೊಟ್ಟಳು. "ಇದು ಒಣಮೀನು. ಮನೇಲಿ ಎಲ್ಲಾರೂ ಚೆನ್ನಾಗಿದ್ದಾರೆ ಅಂತ ಹೇಳು. ಪರೀಕ್ಷೆ ಮುಗಿಯೋವರೆಗೂ ಈ ಕಡೆ ತಲೆ ಹಾಕಬೇಡ ಅಂತ ಹೇಳು. ಯಾರು ಹೇಳಿ ಕಳಿಸಿದ್ರೂ."

"ಯಾರು ಅಂದ್ರೆ?"

"ಅವರಪ್ಪ ಹೇಳಿ ಕಳಿಸಿದ್ರೂ."

ಲಾ ಸಿಮು ಬಾಳೆಗೊನೆ ಕೆಳಗಿಟ್ಟು ಅವಳನ್ನು ನೋಡಿದ. ಆಮೇಲೆ ಪೊಟ್ಟಣವನ್ನು ಇಂಜಿನಿನ ಮೇಲಿನ ಗೂಡಿನಲ್ಲಿಟ್ಟ.

ಮಧ್ಯಾಹ್ನ ಮನೆಯಲ್ಲಿ ಜಗಳವಾಯಿತು. ಬಾದುರ್‌ಗೆ ಕೇಳಿಸಲೆಂದು ಕೂಗಿ ಆಡಬೇಕಾದ ಜಗಳ. ಹಾಗಾಗಿ ಇಡೀ ಸಾಲುಮನೆಗೆ ಕೇಳಿತು.

"ಮಸ್ನಾ ಬರಲ್ಲ!"

"ಹಾಗಾದ್ರೆ ನೀನೂ ಬರಬೇಡ! ಕಡಾಯಿ ನಾವೇ ನೋಡ್ಕೋತೀವಿ!"

"ನೀವು ಬೇಯಿಸಿದ್ದನ್ನ ಹಾಜಾ ಮುಟ್ಟಲ್ಲ!"

ಬಾಗಿಲ ಬಳಿ ಹಗ್ಗ ಹೊಸೆಯುತ್ತಿದ್ದ ಜಾಬಿರ್ ತಲೆಯೆತ್ತಲಿಲ್ಲ. "ಅಣ್ಣ, ನಾನಂತೂ ಆ ಕಡಾಯಿ ಮುಟ್ಟಲ್ಲ. ಹೋದ ವರ್ಷದ ಬೈಗುಳ ಇನ್ನೂ ಅರಗಿಲ್ಲ."

ಡಲಿಮಾ ಸೊಂಟಕ್ಕೆ ಕೈಯಿಟ್ಟಳು. "ಕೇಳು ಮಸ್ನಾಳ ಅಪ್ಪ. ಚುಕ್ಕಾಣಿ ಹಿಡಿಯೋಕೆ ಜಾಬಿರ್‌ಗೂ ಬರುತ್ತೆ. ಮುಳುಗೋಕೆ ಹುಡುಗರಿದ್ದಾರೆ, ನೀನು ಮುಳುಗಿ ಮೂರು ವರ್ಷ ಆಯ್ತು. ಕಡಾಯಿ ನಂಗೆ ಬಿಟ್ರೆ ಯಾರಿಗೂ ಬರಲ್ಲ. ಅಂದ್ಮೇಲೆ ಆ ದೋಣೀಲಿ ಬೇಡದವರು ಯಾರು?"

ಬಾದುರ್ ನಗಲು ನೋಡಿದ. "ನಾನು? ಮನೇಲಿ?"

"ಅವಳು ನಿನ್ನ ಅಮ್ಮ."

ಇಷ್ಟು ಹೊತ್ತು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಮುದುಕಿ ಬುಂಗಾ ಕಿರುಚಿದರು. "ನನ್ನ ಬಟ್ಟೆ ಇವನು ಬದಲಿಸೋದಾ? ಅದಕ್ಕಿಂತ ಬಿದಿರು ತೆಗೆದು ನನ್ನನ್ನ ಕೆಳಗೆ ಹಾಕಿ! ಮೀನಾದ್ರೂ ತಿನ್ನಲಿ!"

"ನಿನ್ನನ್ನ ಮೀನೂ ತಿನ್ನಲ್ಲ ಅಜ್ಜಿ, ನಿನ್ನ ನಾಲಿಗೆ ಅದರ ಗಂಟಲಲ್ಲಿ ಸಿಕ್ಕಾಕೊಳ್ಳುತ್ತೆ" ಎಂದು ಪಕ್ಕದ ಮನೆಯ ಕಿಟಕಿಯಿಂದ ಸುರ್ತಿಯ ದನಿ ಬಂತು.

"ಬೆಳಗಿನ ಉಬ್ಬರಕ್ಕೆ ದೋಣಿ ಹೊರಡುತ್ತೆ" ಎಂದ ಬಾದುರ್ ಏಣಿ ಇಳಿಯುತ್ತ. "ನೀನು ಮನೇಲಿ ಇರ್ತೀಯಾ. ಮುಗೀತು."

ಮರುದಿನ ಕೋಳಿ ಕೂಗುವ ಮುಂಚೆ ಡಲಿಮಾ ಎದ್ದು ಅತ್ತೆಯನ್ನು ಎಡ ಮಗ್ಗುಲಿಗೆ ಹೊರಳಿಸಿದಳು. ಬಟ್ಟೆ ಬದಲಿಸಿದಳು. ಅತ್ತೆಗೆ ಮುಂದೆ ಬದಲಿಸಲು ಬೇಕಾದ ಒಣ ಬಟ್ಟೆಗಳನ್ನು ಬಾದುರ್‌ನ ತಲೆದಿಂಬಿನ ಪಕ್ಕ ಮಡಚಿಟ್ಟಳು. ಮುದುಕಿಗೆ ಎಚ್ಚರವಿತ್ತು.

"ಹೊರಟ್ಯಾ?"

"ಗೊತ್ತಿಲ್ಲ ಎಮ್ಮಾ."

"ಗೊತ್ತಿಲ್ಲದವಳು ಕೂದಲು ಇಷ್ಟು ಬಿಗಿಯಾಗಿ ಗಂಟು ಹಾಕಲ್ಲ." ಮುದುಕಿಯ ಒಳ್ಳೆಯ ಕೈ ಗಾಳಿಯಲ್ಲಿ ಸ್ವಲ್ಪ ತಡಕಾಡಿ, ಚಾದರವನ್ನು ಹಿಡಿದು ಎಳೆದುಕೊಂಡಿತು. "ನಾನೂ ಹದಿನಾರು ಪೊಂಗ್ಕಾ ಹೋದವಳೇ" ಎಂದರು. ಅದು ಬಯ್ಗುಳವೋ ಬೇರೇನೋ ಡಲಿಮಾಗೆ ತಿಳಿಯಲಿಲ್ಲ.

ಅವಳು ಕಡಾಯಿಯನ್ನು ಬೂದಿ ಹಾಕಿ ತಿಕ್ಕಿದಳು. ಮೂಸಿ ನೋಡಿದಳು. ಮತ್ತೊಮ್ಮೆ ತಿಕ್ಕಿ, ಬಟ್ಟೆಯ ಗಂಟಿನ ಜೊತೆ ಚಿಕ್ಕ ದೋಣಿಯಲ್ಲಿಟ್ಟುಕೊಂಡು ಸಾಲುಮನೆಗಳ ನಡುವಿನ ನೀರಿನ ಓಣಿಯಲ್ಲಿ ಸದ್ದಾಗದಂತೆ ಹುಟ್ಟು ಹಾಕಿದಳು. ದೊಡ್ಡ ದೋಣಿ ಓಣಿಯ ಕೊನೆಯಲ್ಲಿ, ಆರೇಳು ಮನೆಗಳ ಆಚೆ ಲಂಗರು ಹಾಕಿ ನಿಂತಿತ್ತು. ಜಾಬಿರ್ ಮತ್ತು ಹುಡುಗರು ಇನ್ನೂ ಬಂದಿರಲಿಲ್ಲ. ಕಡಾಯಿ ಎತ್ತಿ ಮೇಲಿಟ್ಟಳು. ತಾನೂ ಹತ್ತಿದಳು. ಹಿಂಬದಿಯ ಹಲಗೆಯ ಮೇಲೆ ಅಂಗೈ ಊರಿ ಕೂತಾಗ ಅವಳ ಕೆಳಗೆ ದೋಣಿಯ ಹೊಟ್ಟೆಗೆ ನೀರು ತಾಗಿತು. ಇಪ್ಪತ್ತಾರು ವರ್ಷದ ಮೇಲೆ ಆ ಸದ್ದು ಮೈಯೊಳಗಿಂದ ಬಂತು. ಅವಳ ಕಣ್ಣುಗಳು ಮುಚ್ಚಿಕೊಂಡವು.

"ಡಲಿಮಾ!"

ಮನೆಯ ಕಡೆಯಿಂದ. ಅತ್ತೆಯ ದನಿ.

"ಡಲಿಮಾ! ನೀರು!"

"ಬಂದೆ ಎಮ್ಮಾ" ಎನ್ನುವುದು ಅವಳ ಬಾಯಿಗೆ ಬಂದೇ ಬಿಟ್ಟಿತ್ತು. ಅವಳು ಎದ್ದಿದ್ದಳು ಕೂಡ. ಒಂದು ಕಾಲು ಚಿಕ್ಕ ದೋಣಿಯೊಳಗಿತ್ತು. ಬಾದುರ್ ಮುದುಕಿಯಿಂದ ನಾಲ್ಕು ಮೊಳ ದೂರದಲ್ಲಿ ಮಲಗಿರುತ್ತಾನೆ. ಕೇಳುವ ಕಿವಿಯನ್ನು ದಿಂಬಿಗೆ ಒತ್ತಿ ಮಲಗುವುದು ಅವನ ಅಭ್ಯಾಸ. ಹೋಗಿ ನೀರು ಕೊಡಲು ಎಷ್ಟು ಹೊತ್ತು? ಹೋಗಿ ಬರಬಹುದು. ಆದರೆ ಹೋದರೆ ಒಲೆ ಆರಿರುತ್ತದೆ, ಹೊತ್ತಿಸಬೇಕು. ಹೊತ್ತಿಸಿದರೆ ಅವನು ಎದ್ದು ಚಹಾ ಕೇಳುತ್ತಾನೆ. ಅಷ್ಟರಲ್ಲಿ ಉಬ್ಬರ ತುಂಬಿ ದೋಣಿ ಹೊರಟಿರುತ್ತದೆ.

"ಡಲಿಮಾ!"

ಮುದುಕಿಯ ಗಂಟಲು ಒಣಗಿತ್ತು, ಅದು ದನಿಯಲ್ಲೇ ಗೊತ್ತಾಗುತ್ತಿತ್ತು. ಆ ಗಂಟಲಿನ ಒಂದೊಂದು ಕರಕರವೂ ಡಲಿಮಾಗೆ ಗೊತ್ತು. ಮುದುಕಿ ಕೂಗಬೇಕು, ಇನ್ನೂ ಜೋರಾಗಿ ಕೂಗಬೇಕು, ಅವನ ದಿಂಬಿನೊಳಗೂ ಹೋಗುವ ಹಾಗೆ. ಇಲ್ಲವೇ ಹೆಸರು ಬದಲಿಸಿ ಮಗನನ್ನು ಕರೆಯಬೇಕು. ಅದನ್ನು ಮುದುಕಿಗೆ ಇಲ್ಲಿಂದ ಹೇಳಿಕೊಡಲು ಬರುವುದಿಲ್ಲ.

ಅವಳು ಚಿಕ್ಕ ದೋಣಿಯೊಳಗಿದ್ದ ಕಾಲನ್ನು ಎತ್ತಿ ಈಚೆ ಇಟ್ಟುಕೊಂಡಳು. ಕೂತಳು. ಎರಡು ಕೈಗಳನ್ನೂ ತೊಡೆಯ ಕೆಳಗೆ ಸೇರಿಸಿ, ಅವು ಎದ್ದು ಹೋಗದ ಹಾಗೆ ಒತ್ತಿ ಹಿಡಿದುಕೊಂಡಳು.